ಪ್ರಯಾರಿಟಿ ಪಾಸ್ ಇದ್ದರೆ ಮೂವರಿಗೂ ಲೌಂಜ್ ಉಚಿತವೇ?

ಪ್ರಶ್ನೆ:
ಕ್ರೆಡಿಟ್ ಕಾರ್ಡ್ ಜೊತೆ ಪ್ರಯಾರಿಟಿ ಪಾಸ್ (ವಿಮಾನ ನಿಲ್ದಾಣಗಳ ಲೌಂಜ್, ಅಂದರೆ ವಿಶ್ರಾಂತಿ ಕೋಣೆಗಳಿಗೆ ಪ್ರವೇಶ ಕೊಡುವ ಯೋಜನೆ) ಸದಸ್ಯತ್ವ ಸಿಕ್ಕಿದೆ. ಮುಂದಿನ ತಿಂಗಳು ಹೆಂಡತಿ, ಎಂಟು ವರ್ಷದ ಮಗಳ ಜೊತೆ ವಿದೇಶ ಪ್ರಯಾಣ. ನಡುವೆ ವಿಮಾನ ಬದಲಿಸಲು ಆರು ಗಂಟೆ ಕಾಯಬೇಕು. ಮೂವರೂ ಉಚಿತವಾಗಿ ಲೌಂಜ್ ಒಳಗೆ ಹೋಗಬಹುದೇ? ಕ್ರೆಡಿಟ್ ಕಾರ್ಡ್ ತೋರಿಸಿದರೆ ಸಾಕೇ?

ಉತ್ತರ 1:
ಕ್ರೆಡಿಟ್ ಕಾರ್ಡ್ ತೋರಿಸಿದರೆ ಸಾಲದು ಸರ್. ಪ್ರಯಾರಿಟಿ ಪಾಸ್‌ಗೆ ಬೇರೆಯೇ ಸದಸ್ಯ ಸಂಖ್ಯೆ, ಬೇರೆಯೇ ಮುಕ್ತಾಯ ದಿನಾಂಕ ಇರುತ್ತದೆ. ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಕಸ್ಟಮರ್ ಕೇರ್ ಮೂಲಕ ನೋಂದಾಯಿಸಿ, ಆಮೇಲೆ ಪ್ರಯಾರಿಟಿ ಪಾಸ್ ಆ್ಯಪ್‌ನಲ್ಲಿ ಖಾತೆ ತೆರೆಯಿರಿ. ಅದರ ಕ್ಯೂಆರ್ ಕೋಡ್ ಮತ್ತು ಅದೇ ದಿನದ ಬೋರ್ಡಿಂಗ್ ಪಾಸ್, ಎರಡನ್ನೂ ಕೇಳುತ್ತಾರೆ. ಕೋಡ್‌ನ ಸ್ಕ್ರೀನ್‌ಶಾಟ್ ನಂಬಬೇಡಿ, ಆ್ಯಪ್‌ನಲ್ಲೇ ತೆರೆದು ತೋರಿಸಿ. ಕ್ರೆಡಿಟ್ ಕಾರ್ಡನ್ನೇ ಸ್ವೈಪ್ ಮಾಡಿ ಒಳಗೆ ಬಿಡುವುದು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಲೌಂಜ್‌ಕೀ ಯೋಜನೆಗಳಲ್ಲಿ. ಅವುಗಳ ಲೌಂಜ್ ಪಟ್ಟಿಯೇ ಬೇರೆ.

ಉತ್ತರ 2:
ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಸದಸ್ಯತ್ವ ಇದೆ ಎಂದ ಮಾತ್ರಕ್ಕೆ ಭೇಟಿ ಉಚಿತವಲ್ಲ. ಪ್ರಯಾರಿಟಿ ಪಾಸ್ ನೇರವಾಗಿ ಮಾರುವ ಸ್ಟ್ಯಾಂಡರ್ಡ್ ಯೋಜನೆಯಲ್ಲಿ ಸದಸ್ಯರೂ ಪ್ರತಿ ಭೇಟಿಗೆ ದುಡ್ಡು ಕೊಡಬೇಕು, ಸ್ಟ್ಯಾಂಡರ್ಡ್ ಪ್ಲಸ್‌ನಲ್ಲಿ 10 ಭೇಟಿ ಉಚಿತ, ಪ್ರೆಸ್ಟೀಜ್‌ನಲ್ಲಿ ಮಿತಿಯಿಲ್ಲ. ಬ್ಯಾಂಕ್ ಕೊಟ್ಟಿರುವುದಕ್ಕೆ ಬ್ಯಾಂಕಿನ ಷರತ್ತೇ ಅಂತಿಮ. ನಿಮ್ಮ ಉಚಿತ ಭೇಟಿ ಎಷ್ಟು ಉಳಿದಿದೆ ಎನ್ನುವುದು ಲೌಂಜಿನ ಕೌಂಟರಿನವರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಉಚಿತ ಭೇಟಿಗಳ ಕೋಟಾ ಮುಗಿದಿದ್ದರೂ ಯಂತ್ರ ಒಪ್ಪಿಕೊಳ್ಳಬಹುದು, ಬಿಲ್ ಆಮೇಲೆ ಕಾರ್ಡ್‌ಗೆ ಬೀಳುತ್ತದೆ.

ಆದ್ದರಿಂದ ಬ್ಯಾಂಕಿಗೆ ಹೀಗೆ ಕೇಳಿ: ವರ್ಷಕ್ಕೆ ಎಷ್ಟು ಭೇಟಿ? ವರ್ಷ ಎಂದರೆ ಜನವರಿಯಿಂದಲೋ, ಕಾರ್ಡ್ ಪಡೆದ ತಿಂಗಳಿಂದಲೋ? ಅತಿಥಿಯ (ನಿಮ್ಮ ಜೊತೆ ಬರುವವರ) ಭೇಟಿ ಆ ಕೋಟಾದಲ್ಲೇ ಕಳೆಯುತ್ತದೆಯೋ, ಬೇರೆ ಶುಲ್ಕವೋ? ಇಷ್ಟು ಖರ್ಚು ಮಾಡಿದರೆ ಮಾತ್ರ ಎಂಬ ಷರತ್ತು ಇದೆಯೇ? ಕೋಟಾದಲ್ಲೇ ಕಳೆಯುವುದಾದರೆ ನೀವು ಮೂವರು ಒಮ್ಮೆ ಒಳಹೋದರೆ ಮೂರು ಭೇಟಿ ಮುಗಿದಂತೆ. ಹೆಂಡತಿಯವರ ಹೆಸರಲ್ಲಿ ಆ್ಯಡ್-ಆನ್ ಕಾರ್ಡ್ (ನಿಮ್ಮ ಖಾತೆಗೇ ಸೇರಿದ ಹೆಚ್ಚುವರಿ ಕಾರ್ಡ್) ಇದ್ದರೆ ಅದಕ್ಕೂ ಪ್ರತ್ಯೇಕ ಸದಸ್ಯತ್ವ ಕೊಡುತ್ತಾರೆಯೇ ಎಂದು ವಿಚಾರಿಸಿ, ಕೊಟ್ಟರೆ ಅದೇ ದೊಡ್ಡ ಉಳಿತಾಯ.

ಲೌಂಜಿನ ಕೌಂಟರಿನಲ್ಲಿ ಸಹಿ ಹಾಕುವ ಮುಂಚೆ ಸ್ಲಿಪ್‌ನಲ್ಲಿ ಅತಿಥಿಗಳ ಸಂಖ್ಯೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪು ಬಿಲ್ ಬಂದಾಗ ತೋರಿಸಲು ಬೇರೆ ಪುರಾವೆ ಸಿಗುವುದು ಕಷ್ಟ.

ಉತ್ತರ 3:
ಆರು ಗಂಟೆಯ ವಿಷಯ. ಬಹಳಷ್ಟು ಲೌಂಜ್‌ಗಳಲ್ಲಿ ಮೂರು ಗಂಟೆಯ ಮಿತಿ ಇದೆ. ಕೆಲವು ಕಡೆ ಒಳಬಂದ ಹೊತ್ತಿನಿಂದ ಎಣಿಸುತ್ತಾರೆ, ಕೆಲವು ಕಡೆ ವಿಮಾನ ಹೊರಡುವ ಮೂರು ಗಂಟೆ ಮುಂಚೆಯಷ್ಟೇ ಬಿಡುತ್ತಾರೆ. ಇಳಿದ ತಕ್ಷಣ ಓಡಬೇಡಿ, ಷರತ್ತು ಓದಿ ಹೊತ್ತು ನೋಡಿ ಹೋಗಿ. ಇನ್ನೊಂದು ಲೌಂಜ್‌ಗೆ ಹೋದರೆ ಮತ್ತೆ ಹೊಸ ಭೇಟಿಯ ಲೆಕ್ಕ.

ಆ್ಯಪ್‌ನಲ್ಲಿ ಊರಿನ ಹೆಸರು ನೋಡಿ ಸುಮ್ಮನಾಗಬೇಡಿ. ಟರ್ಮಿನಲ್ ಯಾವುದು, ಭದ್ರತಾ ತಪಾಸಣೆಯ ಒಳಗೋ ಹೊರಗೋ ಎಂಬುದೇ ಮುಖ್ಯ. ಆ ದೇಶದ ವೀಸಾ ಬೇಕಿದ್ದೂ ಇಲ್ಲದ ಟ್ರಾನ್ಸಿಟ್ (ವಿಮಾನ ಬದಲಿಸುವ) ಪ್ರಯಾಣಿಕರು ಇಮಿಗ್ರೇಷನ್ ದಾಟಿ ಹೊರಗಿನ ಲೌಂಜ್‌ಗೆ ಹೋಗಲಾಗದು. ಜನಜಂಗುಳಿ ಇದ್ದರೆ ಜಾಗವಿಲ್ಲವೆಂದು ಸದಸ್ಯರನ್ನೂ ವಾಪಸ್ ಕಳಿಸುವ ಹಕ್ಕು ಅವರಿಗಿದೆ. ಅದೇ ಟರ್ಮಿನಲ್‌ನಲ್ಲಿ ಎರಡನೆಯ ಆಯ್ಕೆಯೊಂದನ್ನು ಗುರುತಿಸಿಕೊಂಡಿರಿ.

ಪ್ರಶ್ನೆ ಕೇಳಿದವರು:
ತುಂಬ ಧನ್ಯವಾದ. ಮಗಳಿಗೂ ಪೂರ್ತಿ ಲೆಕ್ಕವೇ?

ಉತ್ತರ 3:
ಅದು ಆಯಾ ಲೌಂಜ್‌ನ ನಿಯಮ. ಎರಡು ವರ್ಷದೊಳಗಿನವರಿಗೆ ಹಲವು ಕಡೆ ಉಚಿತ. ಎಂಟು ವರ್ಷಕ್ಕೆ ಸಾಮಾನ್ಯವಾಗಿ ಅತಿಥಿ ಎಂದೇ ಎಣಿಸುತ್ತಾರೆ. ಆ್ಯಪ್‌ನಲ್ಲಿ ಆ ಲೌಂಜ್ ತೆರೆದು ಷರತ್ತುಗಳಲ್ಲಿ ಮಕ್ಕಳ ಸಾಲು ಓದಿ.