ಸೋಲಾರ್ ಕೆಲಸ ಶುರುವಾಗೋ ಮೊದಲು ಊರಿನವರು ಏನೇನು ಮಾಡಿಟ್ಕೋಬೇಕು?

ಕೇಳಿದ್ದು: ಕಡೂರು ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಸೋಲಾರ್ ಘಟಕಕ್ಕೆ ಜಮೀನು ಗುತ್ತಿಗೆ ಮಾತುಕತೆ ನಡೀತಿದೆ. ಹೊರಗಿನ ಕೂಲಿಯವರು ಬಂದ್ರೆ ಕಳ್ಳತನ, ಕುಡಿತದ ಗಲಾಟೆ ಜಾಸ್ತಿ ಆಗುತ್ತೆ ಅಂತ ಊರಲ್ಲಿ ಭಯ ಇದೆ. ಇದು ನಿಜಾನಾ? ಗ್ರಾಮಸಭೆಯಲ್ಲಿ ಏನು ಕೇಳಬೇಕು? ನಾನು ಈ ಸಲದ ಸದಸ್ಯೆ.

ಅಪರಾಧದ ಅಂಕಿಅಂಶ ನೋಡೋರು: ಮೇಡಂ, ಅರ್ಧ ನಿಜ. ಅಮೆರಿಕದ ನಾರ್ತ್ ಡಕೋಟಾದಲ್ಲಿ ತೈಲ ಸಿಕ್ಕಾಗ ವಿಲಿಸ್ಟನ್ ಅನ್ನೋ ಊರಿನ ಜನಸಂಖ್ಯೆ 2010ರಿಂದ 2020ರೊಳಗೆ ಸುಮಾರು ಎರಡರಷ್ಟಾಯ್ತು. ಹೊಡೆದಾಟ, ಕುಡಿದು ಗಾಡಿ ಓಡಿಸೋದು, ಮಾದಕ ವಸ್ತು, ಎಲ್ಲಾ ಏರಿತು. ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ. 3,000 ಜನರ ಊರಲ್ಲಿ ವರ್ಷಕ್ಕೆ 12 ಕೇಸು ಇದ್ದದ್ದು 18 ಆಯ್ತು ಅಂದ್ಕೊಳ್ಳಿ. ಹಳೇ ಜನಗಣತಿ ಹಿಡಿದ್ರೆ ಹತ್ತು ಸಾವಿರಕ್ಕೆ 40 ಇದ್ದದ್ದು 60. ಶೆಡ್‌ನಲ್ಲಿರೋ 600 ಕೂಲಿಯವರನ್ನೂ ಸೇರಿಸಿದ್ರೆ 50. ಏರಿಕೆ ಇದೆ, ಆದರೆ ಅರ್ಧದಷ್ಟೇ. 1970ರ ದಶಕದಲ್ಲಿ ಅಮೆರಿಕದ್ದೇ ವಯೋಮಿಂಗ್ ರಾಜ್ಯದ ಕಲ್ಲಿದ್ದಲು ಊರು ಜಿಲೆಟ್ ಬಗ್ಗೆಯೂ ಇಂಥದ್ದೇ ವಾದ ನಡೆದಿತ್ತು. ಭಯ ಅಪರಾಧಕ್ಕಿಂತ ಬೇಗ ಏರುತ್ತೆ.

ಇನ್ನೊಂದು ವ್ಯತ್ಯಾಸ: ತೈಲ ವರ್ಷಗಟ್ಟಲೆ ನಡೆಯೋ ಕೆಲಸ. ಸೋಲಾರ್‌ಗೆ ಕಟ್ಟುವಾಗ ನೂರಾರು ಜನ ಬೇಕು, ನಡೆಸೋಕೆ ಕೆಲವೇ ಮಂದಿ. ನಿಮ್ಮ ಅಪಾಯದ ಕಾಲ ಕಟ್ಟೋ ತಿಂಗಳುಗಳು. ಈಗಲೇ ಠಾಣೆಯಿಂದ ಹಿಂದಿನ ಮೂರು ವರ್ಷದ ಕೇಸುಗಳ ಸಂಖ್ಯೆಯನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ: ಕಳ್ಳತನ, ಹೊಡೆದಾಟ, ಅಪಘಾತ, ಮಹಿಳೆಯರ ಮೇಲಿನ ದೌರ್ಜನ್ಯ, ಬೇರೆ ಬೇರೆಯಾಗಿ. ಇದಿಲ್ಲದೆ ನಾಳೆ ಹೋಲಿಸೋಕೆ ಏನೂ ಇರಲ್ಲ.

ಸೈಟ್ ಸ್ಟೋರ್ ನೋಡ್ಕೊಳ್ಳೋರು: ಮೊದಲು ಹೋಗೋದು ತಾಮ್ರ, ಆಮೇಲೆ ಡೀಸೆಲ್. ಪ್ಯಾನೆಲ್‌ನಿಂದ ಬರೋ 4 ಮತ್ತು 6 ಚದರ ಮಿಲಿಮೀಟರ್ ಕೇಬಲ್‌ನಲ್ಲಿ ರಾತ್ರಿ ಬಿಸಿಲಿಲ್ಲದ ಕಾರಣ ವೋಲ್ಟೇಜ್ ಇರಲ್ಲ, ಅದಕ್ಕೇ ಕತ್ತರಿಸೋರಿಗೆ ಧೈರ್ಯ. ಕೇಬಲ್ ಮೇಲೆ ಅಚ್ಚಾಗಿರೋ ಮೀಟರ್ ಗುರುತು ಎಲ್ಲಿಂದ ಎಲ್ಲಿಗೆ ಅಂತ ಕೇಬಲ್ ಸುತ್ತಿದ ಡ್ರಮ್ ಬಂದ ದಿನವೇ, ಮತ್ತೆ ಕೊಟ್ಟ ದಿನ, ರಿಜಿಸ್ಟರ್‌ಗೆ ಬರೀಬೇಕು. ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಇಳಿಸುವಾಗಲೇ ಸ್ಕ್ಯಾನ್ ಆಗಬೇಕು. ಇವಿಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ಮಾಲು ಸಿಕ್ಕರೂ ನಮ್ಮದು ಅಂತ ತೋರಿಸೋಕಾಗಲ್ಲ. ಡೀಸೆಲ್‌ಗೆ ಯಂತ್ರ ಎಷ್ಟು ಗಂಟೆ ಓಡಿತು ಅಂತ ತೋರಿಸೋ ಅವರ್ ಮೀಟರ್ ಮತ್ತು ತುಂಬಿಸಿದ ಲೀಟರ್ ದಿನಾ ತಾಳೆ ನೋಡಿ.

ಊರಿನವರಿಗೆ ಮುಖ್ಯವಾದದ್ದು: ತಾಮ್ರ ಕೊಳ್ಳೋರು ಓಡಾಡೋಕೆ ಶುರುವಾದ್ರೆ ಬೋರ್‌ವೆಲ್ ಕೇಬಲ್‌ಗೂ ಕೈ ಬೀಳುತ್ತೆ. ಬಿಲ್ ಇಟ್ಕೊಳ್ಳಿ, ಕೇಬಲ್‌ಗೆ ಅಲ್ಲಲ್ಲಿ ಬಣ್ಣ ಹಚ್ಚಿ ಫೋಟೋ ತೆಗೆದಿಡಿ.

ಠಾಣೆ ಕೆಲಸ ಗೊತ್ತಿರೋರು: ಕೂಲಿಯವರನ್ನೇ ಕಳ್ಳರು ಅನ್ನಬೇಡಿ, ಅವರೇ ಮೋಸ ಹೋಗೋದೂ ಇದೆ. ಮೇಸ್ತ್ರಿ ಕೂಲಿ ಹಿಡಿದಿಟ್ಟಾಗಲೇ ದೊಡ್ಡ ಗಲಾಟೆ ಏಳೋದು. ಪಂಚಾಯಿತಿ ಒಪ್ಪಿಗೆಗೆ ಕಂಪನಿ ಬಂದಾಗ ಇಷ್ಟು ಬರೆಸ್ಕೊಳ್ಳಿ: ಕೂಲಿ ಬ್ಯಾಂಕ್ ಖಾತೆಗೇ, ನಿಗದಿತ ದಿನಕ್ಕೆ; ಎಲ್ಲರ ಹೆಸರು, ಗುರುತಿನ ಚೀಟಿಯ ನಕಲು ಠಾಣೆಗೆ; ಹೊಸಬರು ಬಂದಾಗ ಪಟ್ಟಿ ಬದಲಾಗಬೇಕು, ಶೆಡ್ ಶಾಲೆ ಮತ್ತು ಹೆಣ್ಣುಮಕ್ಕಳು ನೀರಿಗೆ ಹೋಗೋ ದಾರಿಯಿಂದ ದೂರ, ಒಳಗೆ ಶೌಚಾಲಯ, ದೀಪ. ಪೆಟ್ಟಿಗೆ ಅಂಗಡಿಗಳಲ್ಲಿ ಮದ್ಯ ಮಾರಿದ್ರೆ ಅಬಕಾರಿ ಇನ್ಸ್‌ಪೆಕ್ಟರ್‌ಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ.

ದೂರು ಯಾವ ಠಾಣೆಗೆ ಕೊಟ್ಟರೂ ತಗೋಬೇಕು, ಎಫ್‌ಐಆರ್ ಪ್ರತಿ ಉಚಿತ. ತಗೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ. ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098.

ಗುತ್ತಿಗೆ ಪತ್ರ ಬರೆಯೋರು: ದಲ್ಲಾಳಿಗಳ ಮೋಸ ಯಾರೂ ಹೇಳಲಿಲ್ಲ. "ಪ್ರೊಸೆಸಿಂಗ್ ಶುಲ್ಕ" ಅಂತ ರೈತರಿಂದಲೇ ದುಡ್ಡು ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ, ಗುತ್ತಿಗೆಯಲ್ಲಿ ದುಡ್ಡು ಬರಬೇಕಾದ್ದು ರೈತನಿಗೆ. ಪಾವಗಡದ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಅಂತ ಇತ್ತು. ಹೋಲಿಸೋಕೆ ಅದನ್ನಿಟ್ಕೊಳ್ಳಿ. ಪಹಣಿಯಲ್ಲಿ ಜಂಟಿ ಹೆಸರಿದ್ರೆ ಎಲ್ಲರ ಸಹಿ ಬೇಕು, ಇಲ್ಲದಿದ್ರೆ ಅಣ್ಣತಮ್ಮಂದಿರ ಜಗಳ ಠಾಣೆಗೆ ಹೋಗುತ್ತೆ.

ಕೇಳಿದ್ದು: ಕೆಲಸ ಮುಗಿಯೋ ಹೊತ್ತಿಗೆ ಏನು ನೋಡ್ಕೋಬೇಕು?

ಠಾಣೆ ಕೆಲಸ ಗೊತ್ತಿರೋರು: ಶೆಡ್ ಕೀಳೋ ಮೊದಲು ಎಲ್ಲಾ ಮೇಸ್ತ್ರಿಗಳ ಕೂಲಿ ಚುಕ್ತಾ ಆಗಿರೋ ಪಟ್ಟಿ ಕೇಳಿ. ಊರಿನ ಅಂಗಡಿ ಬಾಕಿ, ಟ್ರ್ಯಾಕ್ಟರ್ ಬಾಡಿಗೆಯೂ ಆ ಪಟ್ಟಿಯಲ್ಲಿರಲಿ. ಸೆಕ್ಯುರಿಟಿ ಕಡಿಮೆ ಮಾಡೋದು ಉಳಿದ ಕೇಬಲ್ ಲೋಡ್ ಆಗಿ ಹೊರಟ ಮೇಲೆ.