ದೇವರು ಸೇವೆಗೆ ಕರೆಯುತ್ತಿದ್ದಾರೆ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ (ಮಂಗಳೂರಿನ ಸದಸ್ಯ): ಪಾಸ್ಟರ್, ನಮಸ್ಕಾರ. ನನಗೆ 25 ವರ್ಷ. ಬಿಕಾಂ ಮುಗಿಸಿ ಹಂಪನಕಟ್ಟೆಯಲ್ಲಿ ಆಡಿಟರ್ ಆಫೀಸಿಗೆ ಹೋಗುತ್ತಿದ್ದೇನೆ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಯುವಜನರ ಶಿಬಿರದಲ್ಲಿ ಪ್ರಾರ್ಥನೆ ಮಾಡುವಾಗ ದೇವರು ಪಾಸ್ಟರ್ ಸೇವೆಗೆ ಕರೆದ ಹಾಗೆ ಬಲವಾಗಿ ಅನ್ನಿಸಿತು. ಅಮ್ಮ ಮಾತ್ರ "ಕೈಯಲ್ಲಿರುವ ಕೆಲಸ ಬಿಡ್ತೀಯಾ?" ಅಂತ ಅಳುತ್ತಾರೆ. ಇದು ಕರೆಯೋ, ಶಿಬಿರದ ಹುಮ್ಮಸ್ಸೋ? ರಾಜೀನಾಮೆ ಕೊಡಲಾ?

ಉತ್ತರ (ಉಡುಪಿಯ ನಿವೃತ್ತ ಸಭಾಪಾಲಕರು): ರಾಜೀನಾಮೆ ಈಗಲೇ ಬೇಡ. ಕರೆ ನಿಜವಾಗಿದ್ದರೆ ಒಂದು ವರ್ಷ ಕಾದರೆ ಓಡಿಹೋಗುವುದಿಲ್ಲ.

ಬಾಲಕ ಸಮುವೇಲನ ಕಥೆ ಸಂಡೇ ಸ್ಕೂಲಿನಲ್ಲಿ ಕೇಳಿದ್ದೀರಿ, ಅಲ್ವಾ? ರಾತ್ರಿ ದೇವರು ಹೆಸರು ಹಿಡಿದು ಕರೆದಾಗ ಮೂರು ಸಲವೂ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಕರೆದದ್ದು ಯಾರು ಅಂತ ಅವನಿಗೆ ತಿಳಿಯಲಿಲ್ಲ, ಏಲಿ ಹೇಳಬೇಕಾಯಿತು. ಪೌಲನಿಗೆ ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನವೇ ಆಗಿತ್ತು. ಆದರೂ ಬೈಬಲಿನ ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ನೋಡಿ. ಅವನನ್ನೂ ಬಾರ್ನಬನನ್ನೂ ಅಂತಿಯೋಕ್ಯದ ಸಭೆ ಉಪವಾಸ ಮಾಡಿ, ಕೈಯಿಟ್ಟು ಕಳಿಸಿತು. ನಿಮಗೆ ಅನ್ನಿಸಿದ್ದನ್ನು ನಿಮ್ಮನ್ನು ಬಲ್ಲವರೂ ಕಾಣಬೇಕು. ನೀವೊಬ್ಬರೇ ಕೂತು ತೀರ್ಮಾನಿಸುವ ವಿಷಯ ಅಲ್ಲ ಇದು.

ಮೊದಲು ನಿಮ್ಮ ಸಭಾಪಾಲಕರಿಗೆ ಹೇಳಿ. ಆಮೇಲೆ ಅವರ ಜೊತೆ ಮನೆಭೇಟಿಗೆ ಹೋಗಿ. ಹಾಸಿಗೆ ಹಿಡಿದ ಅಜ್ಜಿಗೆ ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಡಲು ಹೋದರೆ ರೊಟ್ಟಿ ಒಣಗಿದ ಗಂಟಲಿಗೆ ಇಳಿಯುವುದಿಲ್ಲ. ದ್ರಾಕ್ಷಾರಸದಲ್ಲಿ ಅದ್ದಿ, ಚೂರು ಮಾಡಿ, ಕಾಯಬೇಕು. ಆಮೇಲೆ ಅವರು ದುಬೈಯಲ್ಲಿರುವ ಮಗ ಫೋನ್ ಮಾಡದ ಕಥೆ ಶುರು ಮಾಡುತ್ತಾರೆ, ಹೋದ ಸಲ ಹೇಳಿದ್ದೇ. ಅದನ್ನು ಗಡಿಯಾರ ನೋಡದೆ ಕೇಳಲು ನಿಮಗೆ ಮನಸ್ಸು ಬರುತ್ತದಾ ನೋಡಿ. ಸಾವಿನ ಮನೆಗೂ ಹೋಗಿ. ಲೆಕ್ಕಪತ್ರಕ್ಕೆ ಜಗಳವಾಗುವ ಸಮಿತಿ ಸಭೆಯಲ್ಲೂ ಸುಮ್ನೆ ಕೂತು ನೋಡಿ, ಅದು ನಿಮ್ಮದೇ ಕಸುಬು! ಸೇವೆಯಲ್ಲಿ ಇದೇ ಜಾಸ್ತಿ. ಪ್ರಸಂಗ ಭಾನುವಾರಕ್ಕೊಮ್ಮೆ.

ಇಷ್ಟಾದ ಮೇಲೂ ಆಸೆ ಉಳಿದರೆ ಮುಂದಿನ ದಾರಿ ಇದೆ. ಸಭೆಯ ಶಿಫಾರಸು, ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ) ಸಂದರ್ಶನ, ಆಮೇಲೆ ಓದು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ನಿಮ್ಮ ಊರಿನಲ್ಲೇ ಇದೆ. 1847ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ತೆರೆದ ಸೆಮಿನರಿಯೇ (ಸೇವೆಗೆ ತರಬೇತಿ ಕೊಡುವ ಶಾಲೆ) ಅದರ ಬೇರು. ಓದು ಮುಗಿದ ತಕ್ಷಣ ಯಾರೂ ಪಾಸ್ಟರ್ ಆಗುವುದಿಲ್ಲ. ಮೊದಲು ಡೀಕನ್ ಅಂದರೆ ಸಹಾಯಕ ಸೇವಕ, ಆಮೇಲೆ ಪ್ರೆಸ್ಬಿಟರ್ ಅಂದರೆ ಪೂರ್ಣ ಪಾಸ್ಟರ್.

ಇನ್ನೊಬ್ಬ ಸದಸ್ಯೆ (ಮಣಿಪಾಲ, ನರ್ಸ್): ಪಾಸ್ಟರ್, ಹಾಗಾದರೆ ನಮ್ಮಂಥವರಿಗೆ ಕರೆ ಇಲ್ವಾ?

ಉತ್ತರ: ಖಂಡಿತ ಇದೆ ಅಮ್ಮಾ. ನಂಬಿಕೆಗೆ ಕರೆ ಎಲ್ಲರಿಗೂ ಬಂದಿದೆ. ಪಾಸ್ಟರ್ ಆಗುವ ದೀಕ್ಷೆ ಕೆಲವರಿಗೆ ಮಾತ್ರ. ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿಯುತ್ತಿದ್ದ. ನಮ್ಮ ಕಡೆಯೇ ನೋಡಿ, ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವರೂ ಮಿಷನ್ನಿನವರೇ. ನೈಟ್ ಡ್ಯೂಟಿಯಲ್ಲಿ ನೀವು ರೋಗಿಯ ಮಗ್ಗುಲು ಬದಲಿಸುವುದನ್ನು ಸೇವೆ ಅಲ್ಲ ಅನ್ನುವವರಿದ್ದರೆ ನನ್ನ ಹತ್ತಿರ ಕಳಿಸಿ.

ಮೊದಲ ಸದಸ್ಯ: ತುಂಬ ಉಪಕಾರ ಪಾಸ್ಟರ್. ಅಮ್ಮನಿಗೆ ಏನು ಹೇಳಲಿ?

ಉತ್ತರ: ನೀವೇನೂ ಹೇಳಬೇಡಿ, ನಿಮ್ಮ ಸಭಾಪಾಲಕರ ಮನೆಗೆ ಅವರನ್ನೂ ಕರೆದುಕೊಂಡು ಹೋಗಿ. ಸಂಬಳ ಎಷ್ಟು, ವರ್ಗಾವಣೆ ಹೇಗೆ, ಮಕ್ಕಳ ಶಾಲೆಗೆ ಏನು ಮಾಡಿದಿರಿ ಅಂತ ಪಾಸ್ಟರ್ ಹೆಂಡತಿಯ ಹತ್ತಿರವೇ ಕೇಳಲಿ. ಮಗನ ಹೊಟ್ಟೆಪಾಡಿನ ಚಿಂತೆ ಅಮ್ಮನಿಗೆ. ಅದನ್ನು ನಂಬಿಕೆ ಕಡಿಮೆ ಅಂತ ಎಣಿಸಬೇಡಿ. ಶನಿವಾರ ಸಂಜೆ ಮಾತ್ರ ಹೋಗಬೇಡಿ, ಸಭಾಪಾಲಕರು ಪ್ರಸಂಗ ಬರೆಯುತ್ತಿರುತ್ತಾರೆ.