ತಿಂದಿದ್ದನ್ನು ಬರೆದಿಡುವುದು ಹೇಗೆ? ಡಯಟಿಷಿಯನ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನಮಸ್ಕಾರ ಮೇಡಂ. ನನಗೆ 41 ವರ್ಷ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದಾಗ, ರಕ್ತದಲ್ಲಿನ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಸದ್ಯಕ್ಕೆ ಮಾತ್ರೆ ಬೇಡ, ಏನೇನು ತಿನ್ನುತ್ತೀರಿ ಅಂತ ಬರೆದುಕೊಂಡು ಬನ್ನಿ ಅಂದರು ಡಾಕ್ಟರು. ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ಓಟ್ಸ್ ಇದೆ, ಪಾಸ್ತಾ ಇದೆ, ಬಸ್ಸಾರು ಇಲ್ಲ, ಉಪ್ಸಾರು ಇಲ್ಲ. ಮುದ್ದೆ ಎಷ್ಟು ಗ್ರಾಂ ಅಂತ ಕೇಳುತ್ತದೆ, ಮೆಸ್‌ನಲ್ಲಿ ಕೂತು ಅದನ್ನೆಲ್ಲ ತೂಕ ಮಾಡೋಕೆ ಆಗುತ್ತಾ? ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ನನಗೆ ಹೊರಗೇ. ದಿನಾ ಬರೆಯೋಕೆ ಆಗುವಂಥ ಸುಲಭದ ದಾರಿ ಇದ್ದರೆ ಹೇಳಿ.

ಉತ್ತರ: ಆ್ಯಪ್ ಬಿಟ್ಟುಬಿಡಿ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಸಾಕು. ಇಲ್ಲಾಂದ್ರೆ ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೆ ನೀವೇ ಮೆಸೇಜ್ ಹಾಕಿಕೊಳ್ಳಿ. ಹಾಗೆ ಮಾಡಿದರೆ ಟೈಮ್ ತಾನಾಗಿ ಬರುತ್ತದೆ. ನನಗೆ ನಿಮ್ಮ ಕ್ಯಾಲರಿ ಲೆಕ್ಕಕ್ಕಿಂತ ಆ ಟೈಮೇ ಮುಖ್ಯ.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಬಂದರೆ ಸಕ್ಕರೆ ಕಾಯಿಲೆಗೆ ಹಿಂದಿನ ಹಂತ ಅಂತ ಹೇಳುತ್ತೇವೆ. ಅದು ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ. ಅಂದರೆ ಹೋದ ವಾರದ ಮದುವೆ ಊಟದಿಂದ ಬಂದಿದ್ದಲ್ಲ, ದಿನದಿನದ ಮಾಮೂಲಿ ಊಟದಿಂದ ಬಂದಿದ್ದು. ಹಾಗಾಗಿ ಬರೆಯಬೇಕಾಗಿರುವುದೂ ಮಾಮೂಲಿ ಊಟವನ್ನೇ. ಡಾಕ್ಟರ್‌ಗೆ ತೋರಿಸಬೇಕು ಅಂತ ಆ ವಾರ ಮಾತ್ರ ಸಲಾಡ್ ತಿಂದು ಬರೆದರೆ ಆ ಪುಸ್ತಕ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ತೂಕ ಬೇಡ, ನಾವು ಬಡಿಸುವ ಅಳತೆಯಲ್ಲೇ ಬರೆಯಿರಿ. ಎರಡು ಇಡ್ಲಿ, ಒಂದು ಸೌಟು ಸಾಂಬಾರ್, ಅರ್ಧ ಬಟ್ಟಲು ಪಲ್ಯ, ಒಂದು ಮುದ್ದೆ. ಆ ಮೆಸ್‌ನ ಮುದ್ದೆ ಮನೆಯದಕ್ಕಿಂತ ದೊಡ್ಡದಾದರೆ ‘ದೊಡ್ಡದು’ ಅಂತ ಪಕ್ಕದಲ್ಲಿ ಹಾಕಿ. ಅದರ ಜೊತೆ ಎಲ್ಲಿ ತಿಂದಿರಿ, ಯಾರ ಜೊತೆ, ಹಸಿವು ಎಷ್ಟಿತ್ತು, ಇಷ್ಟನ್ನು ಒಂದೊಂದು ಪದದಲ್ಲಿ ಬರೆದರೆ ಸಾಕು. ರುಚಿ ಹೇಗಿತ್ತು ಅಂತಲೂ ಬರೆಯಿರಿ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಿಮಗೆ ಏನು ಇಷ್ಟ ಅಂತ ಗೊತ್ತಿಲ್ಲದೆ ನಾನು ಊಟ ಬದಲಾಯಿಸಿ ಕೊಟ್ಟರೆ ನೀವು ಅದನ್ನು ಹೆಚ್ಚು ದಿನ ಪಾಲಿಸುವುದಿಲ್ಲ.

ತಿಂದ ತಕ್ಷಣ ಬರೆಯುವುದು ಒಳ್ಳೆಯದು. ರಾತ್ರಿ ಮಲಗುವ ಮುಂಚೆ ನೆನಪು ಮಾಡಿಕೊಂಡು ಬರೆದರೆ ಊಟ ನೆನಪಿರುತ್ತದೆ, ಹನ್ನೊಂದೂವರೆಯ ಬೈಟು ಟೀ, ಪಕ್ಕದ ಟೇಬಲ್‌ನವರು ಕೊಟ್ಟ ಚಿಪ್ಸ್ ಮರೆತೇ ಹೋಗುತ್ತದೆ. ಜನ ತಾವು ತಿಂದಿದ್ದಕ್ಕಿಂತ ಕಡಿಮೆ ಬರೆಯುತ್ತಾರೆ ಅನ್ನುವುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ಅದು ಸುಳ್ಳು ಹೇಳುವುದಲ್ಲ, ಮರೆವು ಅಷ್ಟೇ.

ಒಂದು ವಾರ ಬರೆದು, ಅದರಲ್ಲಿ ಒಂದು ಕೆಲಸದ ದಿನದ ಪುಟ ಇಲ್ಲಿ ಹಾಕಿ, ನೋಡೋಣ.

ಅದೇ ಸದಸ್ಯರು: ಹಾಕುತ್ತಿದ್ದೇನೆ ಮೇಡಂ. ಇದು ಬುಧವಾರದ್ದು, ಏನೂ ಬಿಟ್ಟಿಲ್ಲ.

6:15 – ಕಾಫಿ, ಒಂದೂವರೆ ಚಮಚ ಸಕ್ಕರೆ.
9:40 – ದರ್ಶಿನಿ. ಎರಡು ಇಡ್ಲಿ, ಒಂದು ವಡೆ, ಚಟ್ನಿ ಎರಡು ಸಲ. ಕಾಫಿ. ನಿಂತೇ ತಿಂದೆ, ಅವಸರ. ವಡೆ ಸೂಪರ್.
11:30 – ಬೈಟು ಟೀ, ಎರಡು ಬಿಸ್ಕೆಟ್.
2:50 – ಮೆಸ್. ದೊಡ್ಡ ಮುದ್ದೆ ಒಂದು, ಬಸ್ಸಾರು, ಪಲ್ಯ ಎರಡು ಚಮಚ, ಅನ್ನ ಎರಡು ಸಲ, ಹಪ್ಪಳ, ಮಜ್ಜಿಗೆ. ವಿಪರೀತ ಹಸಿವು.
5:30 – ಟೀ, ಮೂರು ಬೋಂಡ. ಆಫೀಸಿನವರ ಜೊತೆ. ಹಸಿವು ಇರಲಿಲ್ಲ.
10:20 – ಮನೆ. ಮೂರು ಚಪಾತಿ, ಆಲೂಗಡ್ಡೆ ಪಲ್ಯ, ಮೊಸರನ್ನ, ಬಾಳೆಹಣ್ಣು. ಹನ್ನೊಂದಕ್ಕೆ ಮಲಗಿದೆ.

ಉತ್ತರ: ಬಹಳ ಚೆನ್ನಾಗಿ ಬರೆದಿದ್ದೀರಿ. ‘ವಿಪರೀತ ಹಸಿವು’, ‘ಹಸಿವು ಇರಲಿಲ್ಲ’ ಅನ್ನುವ ಎರಡು ಟಿಪ್ಪಣಿಯಿಂದಲೇ ಅರ್ಧ ವಿಷಯ ಗೊತ್ತಾಯಿತು.

ಮೊದಲು ನಾನು ನೋಡಿದ್ದು 9:40ಕ್ಕೂ 2:50ಕ್ಕೂ ನಡುವಿನ ಅಂತರ. ಐದು ಗಂಟೆಯಲ್ಲಿ ಹೊಟ್ಟೆಗೆ ಹೋಗಿದ್ದು ಅರ್ಧ ಲೋಟ ಟೀ, ಎರಡು ಬಿಸ್ಕೆಟ್. ಆಮೇಲೆ ಮುದ್ದೆ ಮುಗಿದ ಮೇಲೂ ಎರಡು ಸಲ ಅನ್ನ ಹಾಕಿಸಿಕೊಂಡಿದ್ದೀರಿ. ಅದು ಆಸೆಬುರುಕತನ ಅಲ್ಲ, ಅಷ್ಟು ಹೊತ್ತು ಕಾಯಿಸಿದ ಹೊಟ್ಟೆ ಕೇಳಿದ್ದು. ರಾಗಿ ಅಂದರೆ ಶುಗರ್‌ಗೆ ಒಳ್ಳೆಯದು, ಎಷ್ಟಾದರೂ ತಿನ್ನಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ತುಂಬಾ ಚೆನ್ನಾಗಿದೆ, ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ. ದೊಡ್ಡ ಮುದ್ದೆಯ ಮೇಲೆ ಎರಡು ಸಲ ಅನ್ನ ಅಂದರೆ ಒಂದೇ ಹೊತ್ತಿಗೆ ಎರಡು ಊಟದ ಪಿಷ್ಟ ಹೋಯಿತು.

ಈಗ ಬಸ್ಸಾರಿನ ವಿಷಯ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು ಮಾಡುತ್ತಾರೆ, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ನಾರು, ಪ್ರೋಟೀನ್ ಎಲ್ಲ ಇರುವುದು ಆ ಪಲ್ಯದಲ್ಲಿ, ನೀವು ಹಾಕಿಸಿಕೊಂಡಿದ್ದು ಎರಡೇ ಚಮಚ. ಇಡೀ ದಿನದ ಪುಟದಲ್ಲಿ ಆಲೂಗಡ್ಡೆ ಬಿಟ್ಟರೆ ತರಕಾರಿ ಅಂತ ಇರುವುದು ಅದೊಂದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ-ಸೊಪ್ಪು ಹೇಳುತ್ತದೆ. ನಾಳೆ ಮೆಸ್‌ನಲ್ಲಿ ಎರಡನೇ ಸಲದ ಅನ್ನದ ಬದಲು ಪಲ್ಯ ಇನ್ನೊಂದು ಸಲ ಬಡಿಸಿ ಅಂತ ಕೇಳಿ, ಬೇಕಾದರೆ ಸ್ವಲ್ಪ ದುಡ್ಡು ಜಾಸ್ತಿ ಕೊಡಿ. ಕೂತ ತಕ್ಷಣ ಆ ಪಲ್ಯ ತಿಂದು, ಆಮೇಲೆ ಮುದ್ದೆ ಮುರಿಯಿರಿ. ತರಕಾರಿ, ಕಾಳು ಮೊದಲು, ಪಿಷ್ಟ ಕೊನೆಗೆ ಹೋದರೆ ಊಟದ ನಂತರ ಶುಗರ್ ಏರುವುದು ಕಡಿಮೆಯಾಗುತ್ತದೆ.

ಸಕ್ಕರೆ ಎಲ್ಲಾ ಲೋಟದಲ್ಲಿ ಹೋಗುತ್ತಿದೆ. ಮನೆಯ ಕಾಫಿ, ದರ್ಶಿನಿಯ ಕಾಫಿ, ಎರಡು ಟೀ ಸೇರಿ ನನ್ನ ಅಂದಾಜಿಗೆ ಐದಾರು ಚಮಚ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಿಮ್ಮದು ಕುಡಿಯುವುದರಲ್ಲೇ ಮುಗಿಯಿತು. ಹೋಟೆಲಿನಲ್ಲಿ ‘ಸಕ್ಕರೆ ಬೇರೆ ಕೊಡಿ’ ಅನ್ನಿ, ಕೊಡುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಬ್ಯಾಗಿನಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಹನ್ನೆರಡೂವರೆಗೆ ತಿನ್ನಿ, ಊಟದಲ್ಲಿ ಅನ್ನದ ಬದಲು ಪಲ್ಯ. ಎರಡು ವಾರ ಇಷ್ಟೇ. ವಡೆ ಬಿಡಿ ಅಂತ ನಾನು ಹೇಳುವುದಿಲ್ಲ, ನೀವೇ ಸೂಪರ್ ಅಂತ ಬರೆದಿದ್ದೀರಿ. ಹಸಿವಿಲ್ಲದೆ ತಿಂದ ಬೋಂಡಕ್ಕೆ ಆ ಮಾತು ಬರೆದಿಲ್ಲ ಅಲ್ವಾ? ಬಿಡುವುದಿದ್ದರೆ ಅದನ್ನು ಬಿಡಿ.

ಪ್ರಶ್ನೆ (ಧಾರವಾಡದ ಸದಸ್ಯೆ): ಮೇಡಂ, ನಾನು ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತೇನೆ. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟಿದ್ದು, ಇದನ್ನೆಲ್ಲ ಬರೆಯಬೇಕಾ? ನನಗೆ ಹಿಮೋಗ್ಲೋಬಿನ್ 9.2 ಇದೆ. ರೊಟ್ಟಿ, ಸೊಪ್ಪು, ಕಾಳು ಎಲ್ಲಾ ತಿನ್ನುತ್ತೇನೆ, ಆದರೂ ಏರುತ್ತಿಲ್ಲ. ಊಟ ಆದ ಮೇಲೆ ಒಂದು ಕಪ್ ಚಹಾ ಬೇಕೇ ಬೇಕು.

ಉತ್ತರ: ಅಕ್ಕಾ, ಮಕ್ಕಳು ಬಿಟ್ಟಿದ್ದನ್ನು ಖಂಡಿತ ಬರೆಯಿರಿ. ರುಚಿ ನೋಡಿದ್ದು ಒಂದು ಚಮಚ ಆದರೆ ಬಿಡಿ. ಅದಕ್ಕಿಂತ ಮುಖ್ಯವಾಗಿ, ನೀವು ಕೊನೆಗೆ ಕೂತಾಗ ಏನು ಉಳಿದಿರಲಿಲ್ಲ ಅನ್ನುವುದನ್ನೂ ಬರೆಯಿರಿ. ‘ಕಾಳು ಪಲ್ಯ ಖಾಲಿ, ರೊಟ್ಟಿ ಜೊತೆ ಶೇಂಗಾ ಚಟ್ನಿ ಅಷ್ಟೇ’ ಅಂತ. ಹೆಂಗಸರ ಡೈರಿಗಳಲ್ಲಿ ಇಂಥ ಸಾಲು ಎಷ್ಟು ಸಲ ನೋಡಿದ್ದೇನೆ ಅಂದರೆ, ಈಗ ಮೊದಲು ಅದನ್ನೇ ಕೇಳುತ್ತೇನೆ. ಕಾಳು ತಿನ್ನುತ್ತೇನೆ ಅಂತ ನಮಗೆ ಅನ್ನಿಸಿರುತ್ತದೆ, ಮಾಡಿದ್ದು ನಾವೇ ಅಲ್ವಾ, ಆದರೆ ತಟ್ಟೆಗೆ ಬಂದಿರುವುದಿಲ್ಲ. ಇವತ್ತಿನಿಂದ ಬಡಿಸುವ ಮುಂಚೆ ನಿಮ್ಮ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡಿ.

ಚಹಾದ ಟೈಮ್ ಬರೆಯಿರಿ. ಚಹಾ, ಕಾಫಿಯಲ್ಲಿ ಇರುವ ಟ್ಯಾನಿನ್‌ನಂಥ ಅಂಶಗಳು ಸೊಪ್ಪು-ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಬೇಡ. ಚಹಾ ಬಿಡುವುದು ಬೇಡ, ನಾಲ್ಕು ಗಂಟೆಗೆ ಆರಾಮಾಗಿ ಕೂತು ಕುಡಿಯಿರಿ. ನಿಮ್ಮ ಕಡೆ ರೊಟ್ಟಿ ಜೊತೆ ಹಸಿ ಮೆಂತ್ಯ, ಈರುಳ್ಳಿ, ಸೌತೆಕಾಯಿ ಇಟ್ಟುಕೊಳ್ಳುವ ಪದ್ಧತಿ ಇದೆ, ಅದು ಬಹಳ ಒಳ್ಳೆಯದು. ಅದರ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಹೀರಿಕೊಳ್ಳಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಆದರೆ 9.2ಕ್ಕೆ ಊಟ ಒಂದೇ ಸಾಲದು. ಯಾಕೆ ಕಡಿಮೆಯಾಗಿದೆ ಅಂತ ಡಾಕ್ಟರ್ ನೋಡಬೇಕು, ಮಾತ್ರೆ ಕೊಟ್ಟರೆ ತಪ್ಪದೆ ತಗೊಳ್ಳಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ.

ಪ್ರಶ್ನೆ: ಬರೆಯೋ ಬದಲು ಫೋಟೊ ತೆಗೆದರೆ ಸಾಲದಾ?

ಉತ್ತರ: ಏನೂ ಇಲ್ಲದಿರುವುದಕ್ಕಿಂತ ಫೋಟೊ ಮೇಲು. ಆದರೆ ಕಾಫಿಯಲ್ಲಿ ಎಷ್ಟು ಸಕ್ಕರೆ, ದೋಸೆಗೆ ಎಷ್ಟು ಬೆಣ್ಣೆ ಅಂತ ಫೋಟೊದಲ್ಲಿ ಕಾಣುವುದಿಲ್ಲ, ಎರಡನೇ ಸಲ ಹಾಕಿಸಿಕೊಂಡಿದ್ದನ್ನು ಯಾರೂ ಫೋಟೊ ತೆಗೆಯುವುದಿಲ್ಲ. ತೆಗೆದು ಕೆಳಗೆ ಒಂದು ಸಾಲು ಬರೆಯಿರಿ.

ಪ್ರಶ್ನೆ: ಮದುವೆ, ಗೃಹಪ್ರವೇಶದ ಊಟ ಹೇಗೆ ಬರೆಯುವುದು ಮೇಡಂ? ಇಪ್ಪತ್ತು ಬಗೆ ಇರುತ್ತದೆ.

ಉತ್ತರ: ಎಲೆಯ ಮೇಲೆ ಬಡಿಸಿದ ಕ್ರಮದಲ್ಲೇ ನೆನಪು ಮಾಡಿಕೊಳ್ಳಿ. ಎಲೆಯ ಮೇಲ್ಭಾಗದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಆಮೇಲೆ ಚಿತ್ರಾನ್ನ, ಅನ್ನ-ತೊವ್ವೆ-ತುಪ್ಪ, ಹುಳಿ, ಸಾರು, ಸಿಹಿ, ಮಜ್ಜಿಗೆ. ಊರೂರಿಗೆ ಕ್ರಮ ಸ್ವಲ್ಪ ಬೇರೆ ಇರಬಹುದು, ನಿಮ್ಮ ಊರಿನದ್ದು ನಿಮಗೆ ಬಾಯಿಗೇ ಬರುತ್ತದೆ. ಹಾಗೆ ಹೋದರೆ ಒಂದೂ ತಪ್ಪುವುದಿಲ್ಲ. ಎಲ್ಲಕ್ಕೂ ಅಳತೆ ಬೇಡ, ಒಬ್ಬಟ್ಟು ಎಷ್ಟು, ಅನ್ನ ಎಷ್ಟು ಸಲ ಅಂತ ಬರೆದು ಬಿಡಿ.

ಪ್ರಶ್ನೆ (ತಾಯಿ, ಊರು ಬೇಡ): ನನ್ನ ಮಗಳಿಗೆ 16. ಅವಳೂ ಮೊಬೈಲ್‌ನಲ್ಲಿ ತಿಂದಿದ್ದನ್ನೆಲ್ಲ ಹಾಕುತ್ತಾಳೆ. ಮೊದಮೊದಲು ಖುಷಿಯಾಯಿತು. ಈಗ ಅರ್ಧ ಚಪಾತಿ ಜಾಸ್ತಿ ಆದರೆ ಅಳುತ್ತಾಳೆ, ರಾತ್ರಿ ಊಟ ಬಿಡುತ್ತಾಳೆ, ಹೋಟೆಲಿಗೆ ಕರೆದರೆ ಬರುವುದಿಲ್ಲ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಸುಮ್ನೆ ಹೆದರುತ್ತಿದ್ದೇನಾ?

ಉತ್ತರ: ಇಲ್ಲ, ನೀವು ಸುಮ್ನೆ ಹೆದರುತ್ತಿಲ್ಲ. ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಊಟ ಬಿಡುವುದು, ಅಳು, ಮುಟ್ಟು ನಿಲ್ಲುವುದು ಇವೆಲ್ಲ ಒಟ್ಟಿಗೆ ಬಂದರೆ ಅದು ಡಯಟ್ ಅಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಮುಟ್ಟು ನಿಲ್ಲಲು ಬೇರೆ ಕಾರಣವೂ ಇರಬಹುದು, ಅದನ್ನೂ ಪರೀಕ್ಷೆ ಮಾಡುತ್ತಾರೆ. ಮಾನಸಿಕ ತಜ್ಞರನ್ನು ನೋಡಿ ಅಂದರೆ ಹಿಂಜರಿಯಬೇಡಿ, ಇದರಲ್ಲಿ ಊಟದ ಸಲಹೆಗಿಂತ ಅವರ ಸಹಾಯ ಮೊದಲು ಬೇಕು. ‘ಟೆಲಿ ಮನಸ್’ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮೊಬೈಲ್ ಕಿತ್ತುಕೊಂಡು ಬೈಯಬೇಡಿ. ‘ತೆಳ್ಳಗಾಗಿದ್ದೀಯ’, ‘ದಪ್ಪಗಾಗಿದ್ದೀಯ’ ಎರಡೂ ಮಾತು ಮನೆಯಲ್ಲಿ ನಿಲ್ಲಲಿ, ಅಜ್ಜಿ, ಚಿಕ್ಕಮ್ಮಂದಿರಿಗೂ ಹೇಳಿ. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು, ಊಟದ ಬಗ್ಗೆ ಏನೂ ಮಾತಾಡದೆ ಉಣ್ಣಿ. ಗ್ರೂಪಿನ ಉಳಿದವರಿಗೂ ಹೇಳುತ್ತೇನೆ: ಬೆಳೆಯುವ ಮಕ್ಕಳ ಕೈಗೆ ಕ್ಯಾಲರಿ ಲೆಕ್ಕ ಕೊಡಬೇಡಿ. ದೊಡ್ಡವರಿಗೂ ಬರೆಯುವಾಗ ಎದೆ ಡವಡವ ಅನ್ನುತ್ತಿದ್ದರೆ, ಬರೆಯಬೇಕಲ್ಲ ಅಂತ ಸ್ನೇಹಿತರ ಜೊತೆ ಊಟ ತಪ್ಪಿಸುತ್ತಿದ್ದರೆ, ಪುಸ್ತಕ ಮುಚ್ಚಿ ನನಗೋ ನಿಮ್ಮ ಡಾಕ್ಟರಿಗೋ ಹೇಳಿ. ತಾಯಿ, ನೀವು ಹೋಗಿ ಬಂದ ಮೇಲೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಇಲ್ಲಿ ಎಲ್ಲರ ಮುಂದೆ ಬೇಡ.

ಪ್ರಶ್ನೆ: ಬರೆದರೆ ತೂಕ ಇಳಿಯುತ್ತೆ ಅಂತಾರಲ್ಲ, ನಿಜಾನಾ?

ಉತ್ತರ: 2008ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಜನರ ಒಂದು ಅಧ್ಯಯನ ಬಂತು. ದಿನಾ ಬರೆದವರು, ಏನೂ ಬರೆಯದವರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ತೂಕ ಇಳಿಸಿದ್ದರು. ಆದರೆ ಅವರೆಲ್ಲ ವಾರವಾರ ಗುಂಪಾಗಿ ಸೇರುತ್ತಿದ್ದರು, ಊಟ, ವ್ಯಾಯಾಮದ ಬಗ್ಗೆ ಸಲಹೆಯೂ ಸಿಗುತ್ತಿತ್ತು. ಬರೆದಿದ್ದನ್ನು ಯಾರಾದರೂ ಜೊತೆಗೆ ಕೂತು ಓದಿದರೆ ಉಪಯೋಗ ಜಾಸ್ತಿ. ಗಂಡ-ಹೆಂಡತಿ ಓದಿಕೊಂಡರೂ ಆಯಿತು, ಬೈಯುವ ಹಾಗಿಲ್ಲ ಅಷ್ಟೇ.

ಪ್ರಶ್ನೆ (ಮೈಸೂರಿನ ಸದಸ್ಯೆ): ಮನೆಯಲ್ಲಿ ಒಗ್ಗರಣೆಗೆ ಹಾಕೋ ಎಣ್ಣೆ ಹೇಗೆ ಬರೆಯೋದು? ನಾನಂತೂ ಕಣ್ಣಳತೆಯಲ್ಲಿ ಹಾಕುತ್ತೇನೆ.

ಉತ್ತರ: ಎಣ್ಣೆಗೆ ದಿನದ ಲೆಕ್ಕ ಬೇಡ, ತಿಂಗಳದ್ದು ಸಾಕು. ಪ್ಯಾಕೆಟ್ ಕತ್ತರಿಸಿದ ದಿನ ಕ್ಯಾಲೆಂಡರ್ ಮೇಲೆ ಒಂದು ಗುರುತು ಹಾಕಿ. 2,000 ಕ್ಯಾಲರಿ ಬೇಕಾದ ದೊಡ್ಡವರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಊಟದ ಮಾದರಿಯಲ್ಲಿ ದಿನಕ್ಕೆ ಸುಮಾರು 27 ಗ್ರಾಂ ಎಣ್ಣೆ-ಕೊಬ್ಬು ಇದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ತುಪ್ಪ, ಬೆಣ್ಣೆಯೂ ಅದರೊಳಗೇ ಬರಬೇಕು. ವಾರಕ್ಕೆ ಎರಡು ಸಲ ಹೊರಗೆ ತಿನ್ನುವ ಮನೆಯಾದರೆ ಅಲ್ಲಿನ ಎಣ್ಣೆ ಬೇರೆ ಸೇರುತ್ತದೆ, ಹಾಗಾಗಿ ಮನೆಯದು ಮೂರು ಲೀಟರ್ ಒಳಗೇ ಇರಲಿ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಗುರುತು ಹಾಕಿ, ಎಷ್ಟು ಪ್ಯಾಕೆಟ್ ಆಯಿತು ಅಂತ ಇಲ್ಲೇ ತಿಳಿಸಿ.